ಶಶಿಧರನ ಕೊನೆಯ ಗುಟುಕು

ಲೆಮಾಂಟಿನ ದೇವಸ್ಥಾನದಲ್ಲಿ ಮಂಗಳಾರತಿ ಮುಗಿಸಿ ಹೊರಬಂದು ಬೂಟು ಹಾಕಿಕೊಳ್ಳುತ್ತಿದ್ದೆ. ತಮ್ಮನ ಮಗಳು ಮೈತ್ರೇಯಿ ಫೋನ್ ಮಾಡಿದಳು. ನೆವಾಡದ ಗುಡ್ಡವೊಂದರಲ್ಲಿ ಎದೆನೋವು ಬಂದು ನನ್ನ ತಮ್ಮ ಶಶಿಧರ ತೀರಿಕೊಂಡಿದ್ದ.

ತಾನಿದ್ದ ಊರು ಶಾಮ್‌ಬರ್ಗಿನ ಚಳಿ ತಡೆಯದೆ ಅವನು ಫೆಬ್ರವರಿ ಬಂತೆಂದರೆ ಆ ಮರುಭೂಮಿಗೆ ಹೋಗುತ್ತಿದ್ದ. ಬೆಳಿಗ್ಗೆ ಎರಡು ಮೂರು ಮೈಲಿ ಗುಡ್ಡ ಹತ್ತುವುದು, ಮಧ್ಯಾಹ್ನದ ಊಟಕ್ಕೆ ಇಳಿದು ಬರುವುದು. "ಅಣ್ಣ, ನಿನ್ನ ಪ್ರದಕ್ಷಿಣೆಗಿಂತ ನನ್ನ ಗುಡ್ಡ ವಾಸಿ. ಪ್ರಸಾದ ತಿಂದು ಹೊಟ್ಟೆ ಬರೋ ಭಯ ಇಲ್ಲ" ಎಂದು ಹಂಗಿಸುತ್ತಿದ್ದ.

ಕರ್ಮಗಳೆಲ್ಲ ಸರಿಯಾಗಿಯೇ ನಡೆದವು. ಆದರೂ ಒಂದು ಚಿಂತೆ ನನ್ನನ್ನು ಬಿಡಲಿಲ್ಲ. ಅಪ್ಪ ಅಮ್ಮ ಇಬ್ಬರನ್ನೂ ಬಾಯಿಗೆ ತೀರ್ಥ ಬಿಟ್ಟು ಕಳಿಸಿದ್ದೆವು. ಇವನು ಆ ಒಣ ನೆಲದಲ್ಲಿ ಬಾಯಾರಿಯೇ ಹೋದನೇ?

ಮುಂದಿನ ತಿಂಗಳು ಮೈತ್ರೇಯಿ ನನ್ನನ್ನು ಅಲ್ಲಿಗೆ ಕರೆದೊಯ್ದಳು. ಶಶಿಧರ ಕುಸಿದಾಗ ಅವನ ಬಳಿ ಇದ್ದವರು ಮಾರ್ಲೀನ್ ಎಂಬ ಆ ಊರಿನ ಮುದುಕಿ. ಜಾಗ ತೋರಿಸಲು ಅವರೇ ಬಂದರು.

"ದೊಡ್ಡಪ್ಪ, ಪಂಚೇಲಿ ಹೈಕ್ ಮಾಡ್ತೀರಾ? ಕ್ಯಾಕ್ಟಸ್ ಎಳ್ಕೊಳತ್ತೆ."

"ಮಡಿ ಪಂಚೆ ಕಣಮ್ಮ. ಮುಟ್ಟಬಾರದು ಅಂತ ಅದಕ್ಕೂ ಗೊತ್ತಿರುತ್ತೆ."

ಅದಕ್ಕೆ ಗೊತ್ತಿರಲಿಲ್ಲ. ಎರಡು ಕಡೆ ಹರಿಯಿತು.

ಅರ್ಧ ಗುಡ್ಡದಲ್ಲಿ, ಬೂದಿಬಣ್ಣದ ಬಂಡೆಯೊಂದರ ಬಳಿ ಮಾರ್ಲೀನ್ ನಿಂತರು.

"ಇಲ್ಲಿ ಒರಗಿ ಕೂತಿದ್ದರು. ನನ್ನ ನೀರು ಕೊಟ್ಟೆ. ಅವರು ಅದನ್ನು ಈ ಬಂಡೆಯ ಮೇಲೆ ಸುರಿದು, ಇಳಿದು ಬಂದದ್ದನ್ನು ಅಂಗೈಯಲ್ಲಿ ಹಿಡಿದು ಕುಡಿದರು. ನೋವಿಗೆ ಬುದ್ಧಿ ಕಲಕಿದೆ ಅಂದುಕೊಂಡೆ. ನಾನು ತಡೆಯಬೇಕಿತ್ತೇ?"

ಬಗ್ಗಿ ನೋಡಿದೆ. ಬಂಡೆಯೊಳಗೆ ಹೆಬ್ಬೆರಳಿನಷ್ಟು ದೊಡ್ಡ ಸುರುಳಿಯೊಂದು ಕಲ್ಲಾಗಿ ಕೂತಿತ್ತು. ಬಹಳ ಹಿಂದೆ ಇಲ್ಲಿ ಸಮುದ್ರವಿತ್ತು, ಅದು ಆಗಿನ ಚಿಪ್ಪು ಎಂದರು ಮಾರ್ಲೀನ್. ನನ್ನ ಕಣ್ಣಿಗೆ ಕಂಡದ್ದು ನಮ್ಮ ದೇವರಮನೆಯ ಸಾಲಿಗ್ರಾಮದ ಚಕ್ರ. ಅದರ ಮೇಲೆ ಎರೆದ ನೀರನ್ನೇ ನಾವು ತೀರ್ಥವೆಂದು ಕುಡಿಯುವುದು.

ಬಂಡೆಯ ಬಳಿಯೇ ಕೂತೆ.

"ಅಪ್ಪ ದೇವರನ್ನ ನಂಬ್ತಾನೇ ಇರಲಿಲ್ಲ, ದೊಡ್ಡಪ್ಪ" ಎಂದಳು ಮೈತ್ರೇಯಿ ಮೆಲ್ಲಗೆ.

"ನನ್ನ ಜೊತೆ ವಾದ ಮಾಡ್ತಿದ್ದ. ಅಷ್ಟೇ ನಮಗೆ ಗೊತ್ತಿದ್ದದ್ದು."

ಮಾರ್ಲೀನ್‌ಗೆ ನನ್ನ ಇಂಗ್ಲಿಷಿನಲ್ಲೇ ಹೇಳಿದೆ: ನೀವು ತಪ್ಪು ಮಾಡಲಿಲ್ಲ ತಾಯಿ, ಅಣ್ಣನಾಗಿ ನಾನು ಮಾಡಬೇಕಿದ್ದ ಕೆಲಸವನ್ನು ನೀವು ಮಾಡಿದಿರಿ. ಆಕೆ ನನ್ನ ಪಕ್ಕದಲ್ಲಿ ಕೂತರು.

ಮೈತ್ರೇಯಿ ತಾನಾಗಿಯೇ ಬಾಟಲಿ ತೆಗೆದು ಸುರುಳಿಯ ಮೇಲೆ ನೀರೆರೆದಳು. ನಾನು ಬಲಗೈ ಗುಳಿ ಮಾಡಿ ಹಿಡಿದೆ. ನನ್ನನ್ನು ನೋಡಿ ಮಾರ್ಲೀನ್ ಕೂಡ ಕೈ ಚಾಚಿದರು.

ನಾರಾಯಣ, ನನ್ನ ತಮ್ಮ ಬಿಸಿಲಲ್ಲಿ ನಡೆದು ದಣಿದು ಬಂದಿದ್ದಾನೆ. ನಿನ್ನೊಡನೆಯೂ ವಾದಕ್ಕೆ ಇಳಿದರೆ ಸ್ವಲ್ಪ ಸಹಿಸಿಕೋ. ನಿನ್ನ ಪಾದದ ಬಳಿ ಜಾಗ ಕೊಡು. ಅವನ ಆತ್ಮಕ್ಕೆ ಶಾಂತಿ ಕೊಡು.