ಅರ್ಧ ನಕ್ಷೆಯ ಹೆಸರು

ಕೆರ್ಮಾನಿನಲ್ಲಿ ರತ್ನಗಂಬಳಿಗೆ ಅರ್ಧ ನಕ್ಷೆಯನ್ನೇ ಬರೆಯುವುದು. ಬಲಗಡೆ ಕೂತವನು ಅದನ್ನು ನೋಡಿ ಬಣ್ಣ ಕೂಗುತ್ತ ಗಂಟು ಹಾಕುತ್ತಾನೆ. ಎಡಗಡೆಯವಳು ಕೂಗು ಕೇಳಿ ಅದನ್ನೇ ತಿರುಗಿಸಿ ಹಾಕುತ್ತಾಳೆ. ಹೂವಿಗೆ ಹೂವು, ಬಳ್ಳಿಗೆ ಬಳ್ಳಿ ಎದುರಾಗುತ್ತದೆ. ಈಗ ಬಲಗಡೆ ಕೂರುವ ಖುದಾದಾದನ ಅಜ್ಜನ ಅಜ್ಜನೂ ನೇಯ್ದದ್ದು ಹೀಗೆಯೇ.

ಈ ಸಲ ಧಣಿ ನಸ್ರುಲ್ಲಾ ಗಂಬಳಿಯ ನೆತ್ತಿಯಲ್ಲಿ ತನ್ನ ಹೆಸರು ಬರಲೇಬೇಕೆಂದು ಹಟ ಹಿಡಿದ. ನಕ್ಷೆಯವನು ರೂಢಿಯಂತೆ ಹೆಸರನ್ನೂ ಅರ್ಧವೇ ಬರೆದುಕೊಟ್ಟ. ಖುದಾದಾದ್ ಕೂಗಿದ, ಅವನ ಸೋದರತ್ತೆ ಮಾಹ್ತಾಬಾನ್ ತಿರುಗಿಸಿ ಹಾಕಿದಳು. ಇಬ್ಬರಿಗೂ ಓದು ಬಾರದು. ಅಕ್ಷರವೂ ಅವರಿಗೊಂದು ಬಳ್ಳಿಯೇ. ಹೆಸರಿನ ಮೊದಲರ್ಧವೇ ಎರಡು ಸಲ ಮೂಡಿತು, ಒಂದು ನೇರ, ಇನ್ನೊಂದು ತಿರುಗುಮುರುಗು.

"ಇದೇನೇ ಇದು?" ಧಣಿ ಕಿರುಚಿದ. "ನನ್ನ ಹೆಸರೋ, ಕನ್ನಡಿ ನೋಡ್ಕೊಳ್ತಿರೋ ಹುಂಜವೋ? ಮುದುಕಿಗೆ ಕಣ್ಣು ಹೋಗಿದೆ. ಇಳಿ ಮಗ್ಗದಿಂದ! ನಾಳೆಯಿಂದ ಬರಬೇಡ."

ಮಗ್ಗದ ಮುಂದೆ ಕೂರುವ ಆ ಹಲಗೆ, ಅತ್ತೆ ಹುಡುಗಿಯಾಗಿದ್ದಾಗ ಹತ್ತಿದ್ದು. ಖುದಾದಾದನ ಮೈಯೆಲ್ಲ ಉರಿದುಹೋಯಿತು. ಈ ಊರಿನ ಹಳೆಯ ಗಂಬಳಿಗಳ ಮೇಲೆಲ್ಲ ಧಣಿಗಳ ಹೆಸರೇ. ಗಂಟು ಹಾಕಿದವರದು ಒಂದೂ ಇಲ್ಲ. ತಪ್ಪು ಹೊರಿಸಲು ಮಾತ್ರ ಅವರು ಬೇಕಾಯಿತೇ?

"ಅರ್ಧ ಹೆಸರು ಕೊಟ್ಟೋರು ನೀವು, ಅರ್ಧವೇ ನೇಯ್ದ್ವಿ. ಕಣ್ಣು ಹೋಗಿರೋದು ಯಾರ್ದು?"

"ಬಾಯ್ಮುಚ್ಚೋ!"

"ಸುಮ್ನಿರು ಮಗಾ," ಎಂದು ಅತ್ತೆ ಹಲಗೆಯಿಂದಿಳಿದು ಗೋಡೆಗೊರಗಿದಳು. ಸಕ್ಕರೆ ತುಂಡು ಹಲ್ಲಲ್ಲಿ ಕಚ್ಚಿ ಚಹಾ ಹೀರಿದಳು. "ಕೂರಿಸ್ಲಿ, ಬೇರೆಯವಳನ್ನ."

ಪಕ್ಕದ ಮಗ್ಗದ ತಾಹಿರೆ ಬಂದು ಕೂತಳು. ಹೆಸರನ್ನೂ ಅದರ ಕೆಳಗಿನ ಖಾಲಿ ಸಾಲುಗಳನ್ನೂ ಬಿಚ್ಚಿ, ಆ ಸಾಲುಗಳನ್ನು ಮತ್ತೆ ನೇಯ್ದಳು. ಅವಳದು ಹಗುರ ಕೈ. ಗಂಟುಗಳನ್ನು ಒತ್ತಿ ಕೂರಿಸುವ ಹಣಿಗೆಯ ಪೆಟ್ಟು ಸಾಲದೆ ಎಡಬದಿ ಉಬ್ಬಿತು. ನೇರ ಬಂದ ಸಾಲು ಅಲ್ಲಿಗೆ ಬಂದು ಓರೆಯಾಯಿತು.

"ಗಟ್ಟಿಯಾಗಿ ಬಡಿಯೇ!" ಧಣಿ ಗದರಿದ.

ಬಡಿದಳು. ಮಗ್ಗಕ್ಕೆ ಬಿಗಿದ ಹಾಸಿನ ಎಳೆಯೊಂದು ಪಟ್ಟನೆ ಹರಿಯಿತು.

"ಅವಳ ಪೆಟ್ಟು ನಂಗೆ ಬರಲ್ಲ ಧಣಿ. ಗಂಬಳಿಯ ಒಂದು ಬದಿಗೆ ಒಂದೇ ಕೈ," ಎಂದು ತಾಹಿರೆ ಇಳಿದುಬಿಟ್ಟಳು.

ಧಣಿ ಗಡ್ಡ ಕೆರೆದುಕೊಂಡ. ಗೋಡೆಯ ಕಡೆ ತಿರುಗಿದ. "ಬಾ, ಮಾಹ್ತಾಬಾನ್ ಖಾನಮ್."

"ಈಗ ಅಮ್ಮಾವ್ರು, ಖಾನಮ್ ಅಂತೆ!" ಖುದಾದಾದ್ ಕಿಸಕ್ಕನೆ ನಕ್ಕ.

ಅತ್ತೆ ಲೋಟ ಕೆಳಗಿಟ್ಟಳು. "ಬರ್ತೀನಿ. ಆದ್ರೆ ಈ ಗಂಬಳಿ ಇಳಿದ್ಮೇಲೂ ಈ ಹಲಗೆ ನಂದೇ. ಎಲ್ರೆದುರಿಗೂ ಹೇಳಿ."

"ನಿಂದೇ ಕಣಮ್ಮಾ, ನಿಂದೇ!"

"ಹಾಗಾದ್ರೆ ಹೋಗಿ, ನಿಮ್ಮ ಹೆಸರು ಪೂರ್ತಿ ಬರೆಸ್ಕೊಂಡು ಬನ್ನಿ."

ಧಣಿ ಟೋಪಿ ಹಾಕಿಕೊಂಡು ಸುಡು ಬಿಸಿಲಿಗೆ ಇಳಿದ. ಅತ್ತೆ ಹಲಗೆ ಹತ್ತಿ, ಹರಿದ ಎಳೆ ಗಂಟು ಹಾಕಿ, ಓರೆ ಸಾಲುಗಳನ್ನು ಒಂದೊಂದಾಗಿ ಕಿತ್ತಳು. ಹಣಿಗೆ ಕೈಗೆ ತೆಗೆದುಕೊಂಡಳು.

"ಕೂಗೋ."

ಖುದಾದಾದ್ ಬೀದಿಗೆಲ್ಲ ಕೇಳುವಂತೆ ಕೂಗಿದ. "ಐದು ಕೆನೆಬಣ್ಣ!"

"ಹಾಕ್ದೆ. ಮುಂದೆ?"