ದಿನಬಳಕೆಯ ಸ್ಕ್ರೂಡ್ರೈವರೂ ದಿನಬಳಕೆಯ ಗುಮಾನಿಯೂ

ಗಂಡಸರು ಮೊಬೈಲನ್ನು ಓರೆ ಮಾಡಿ ಹಿಡಿದು ನೋಡುವುದಕ್ಕೆ ಏನೇನು ಕಾರಣಗಳಿರಬಹುದೆಂದು ತನ್ವಿಗೆ ತಕ್ಕಮಟ್ಟಿಗೆ ಗೊತ್ತಿತ್ತು. ಆ ಕಾರಣಗಳಲ್ಲಿ ಸ್ಕ್ರೂಡ್ರೈವರು ಇರಲಿಲ್ಲ. ಕಾಫಿ ಕೊಡುವ ನೆಪದಲ್ಲಿ ಗಂಡ ನವೀನನ ಹೆಗಲ ಮೇಲಿಂದ ಇಣುಕಿದಾಗ, ಗಡ್ಡದವನೊಬ್ಬ ಸ್ಕ್ರೂಡ್ರೈವರನ್ನು ಕಿವಿಯ ಹತ್ತಿರ ಹಿಡಿದು ಟಿರ್ರ್ ಟಿರ್ರ್ ಎನಿಸುತ್ತಿದ್ದ. ಅದನ್ನು ಕಂಡು ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

"ಎಂತ ಇದು?"

"ರ‍್ಯಾಚೆಟ್ಟು ಸ್ಕ್ರೂಡ್ರೈವರು. ಕೈ ಬಿಟ್ಟು ಬಿಟ್ಟು ಹಿಡೀಬೇಕಾಗಿಲ್ಲ. ಹಿಡಿ ಹಿಂದೆ ಮುಂದೆ ಆಡಿಸ್ತಿದ್ರೆ ಸಾಕು, ಸ್ಕ್ರೂ ಒಂದೇ ಕಡೆ ತಿರುಗುತ್ತೆ. ತುದಿಗೆ ಸಿಕ್ಕಿಸೋ ಬಿಟ್ಟುಗಳೆಲ್ಲ ಹಿಡಿ ಒಳಗೇ ಇರ್ತಾವೆ."

"ನಿಂಗ್ಯಾಕೆ?"

"ಡೈಲಿ ಯೂಸಿಗೆ."

ಈ 'ಡೈಲಿ' ಎಂಬ ಮಾತು ತನ್ವಿಯ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತು. ಮದುವೆಯಾದಂದಿನಿಂದ ಈ ಮನುಷ್ಯ ಮನೆಯಲ್ಲಿ ಬಿಗಿ ಮಾಡಿದ್ದೆಂದರೆ ಮುಖ ಒಂದನ್ನೇ. ತವಾದ ಹಿಡಿ ಅಲ್ಲಾಡಿದರೆ ಚಾಕುವಿನ ತುದಿಯಲ್ಲಿ ತಿರುಗಿಸುವವಳು ಅವಳು. ಅಂಥವನಿಗೆ ದಿನಾ ತಿರುಗಿಸುವಂಥದ್ದು ಏನು ಬಂತು?

ಏನು ಬಂತೆಂದು ಅವಳಿಗೆ ಒಂದು ಅಂದಾಜಿತ್ತು. ಹಿಂದಿನ ವಾರ ನ್ಯೂಜೆರ್ಸಿಯಿಂದ ನವೀನನ ಸೋದರತ್ತೆ ದಾನವ್ವ ಫೋನ್ ಮಾಡಿದ್ದರು. ಗದಗಿನವರು, ಈಗ ಮಗಳ ಮನೆಗೆ ಬಂದಿದ್ದರು. ನವೀನ ಫೋನು ಹಿಡಿದು ಬಾಲ್ಕನಿಗೆ ಹೋದವನು ಬಾಗಿಲು ಎಳೆದುಕೊಂಡ. ಬಾಗಿಲು ಎಳೆದುಕೊಂಡದ್ದೇ ಮೊದಲ ಗುಮಾನಿ. ವಾಪಸು ಬಂದು, "ಅತ್ತೆ ಮಗ ಆಕಾಶಂಗೆ ರೆಡ್‌ವುಡ್ ಸಿಟೀಲಿ ಕೆಲಸ ಸಿಕ್ತಂತೆ" ಎಂದು ಮಾತ್ರ ಹೇಳಿದ. ಕೆಲಸ ಸಿಕ್ಕಿದವನಿಗೆ ಅಪಾರ್ಟ್‌ಮೆಂಟು ಸಿಕ್ಕುವವರೆಗೆ ಇರಲು ಜಾಗ ಬೇಕು. ಇವರದು ಅಲ್ಲೇ ಹತ್ತಿರದ ಫಾಸ್ಟರ್ ಸಿಟಿಯ ನೀರಂಚಿನ ಎರಡು ಬೆಡ್‌ರೂಮಿನ ಮನೆ. ಎರಡನೆಯ ಬೆಡ್‌ರೂಮಿನ ತುಂಬ ತನ್ವಿಯ ಗೂಡು.

ಗೂಡೆಂದರೆ ಪ್ಲೈವುಡ್ಡಿನ ಒಂದು ಪುಟ್ಟ ಕೋಣೆ. ಒಳಗೆ ಸ್ಪಂಜು, ಹಳೆಯ ರಜಾಯಿ, ಒಂದು ಮೈಕು, ಒಂದು ಸ್ಟೂಲು, ಗಾಳಿಗೊಂದು ಪುಟ್ಟ ಫ್ಯಾನು. ಏರ್‌ಪೋರ್ಟಿಗೆ ಇಳಿಯುವ ವಿಮಾನಗಳೆಲ್ಲ ಅವರ ಚಾವಣಿಯನ್ನು ಕೇಳಿಕೊಂಡೇ ಇಳಿಯುತ್ತಿದ್ದುದರಿಂದ ಗೂಡಿಲ್ಲದೆ ದನಿ ಹಿಡಿಯಲಾಗುತ್ತಿರಲಿಲ್ಲ. ವಾರವಿಡೀ ಓಕ್ಲ್ಯಾಂಡಿನ ಆಫೀಸಿನಲ್ಲಿ ಸ್ಪ್ರೆಡ್‌ಶೀಟಿಗೆ ಮುಖ ಕೊಡುವ ತನ್ವಿ, ಶನಿವಾರ ಅದರೊಳಗೆ ಕೂತರೆ ಹುಲಿಯಾಗುತ್ತಿದ್ದಳು, ಕಾಗೆಯಾಗುತ್ತಿದ್ದಳು, ಹಲ್ಲಿಲ್ಲದ ಅಜ್ಜಿಯಾಗಿ ಹಲ್ಲಿರುವ ಮೊಸಳೆಯನ್ನು ಬೈಯುತ್ತಿದ್ದಳು. ಆ ಕತೆಗಳನ್ನು ಇಲ್ಲಿಯ ಕನ್ನಡದ ಅಪ್ಪ ಅಮ್ಮಂದಿರು ಡೇಕೇರಿನ ದಾರಿಯಲ್ಲಿ ಫ್ರೀವೇ ಮೇಲೆ ಹಾಕುತ್ತಿದ್ದರು. ಮಕ್ಕಳು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದರೂ ನಗಬೇಕಾದಲ್ಲಿ ಸರಿಯಾಗಿ ನಗುತ್ತಿದ್ದರಂತೆ. ಅಮೆರಿಕದಲ್ಲಿ ತನ್ನದು ಎಂದು ಹೇಳಿಕೊಳ್ಳಲು ತನ್ವಿಗಿದ್ದದ್ದು ಅದೊಂದೇ. ಅದು ನಿಂತದ್ದು ಪೂರ್ತಿ ಸ್ಕ್ರೂಗಳ ಮೇಲೆ.

ಆ ಶನಿವಾರ ನವೀನ ಹಾರ್ಡ್‌ವೇರ್ ಅಂಗಡಿಗೆ ಹೊರಟಾಗ ತನ್ವಿ ಕರೆಯದೆಯೇ ಕಾರು ಹತ್ತಿದಳು.

ಅಂಗಡಿಯಲ್ಲಿ ಗಿರಾಕಿಗಳು ಪರೀಕ್ಷಿಸಲೆಂದು ಸ್ಕ್ರೂ ಚುಚ್ಚಿದ ಹಲಗೆಯೊಂದಿತ್ತು. ನವೀನ ಹೆಣ್ಣು ನೋಡಲು ಬಂದ ಮಾವನ ಗಾಂಭೀರ್ಯದಲ್ಲಿ ನಾಲ್ಕು ಸ್ಕ್ರೂಡ್ರೈವರುಗಳನ್ನು ಸಾಲಾಗಿ ಇಟ್ಟುಕೊಂಡ. ಮೊದಲನೆಯದರ ಕತ್ತು ದಪ್ಪ, ಆಳದ ತೂತಿಗೆ ಇಳಿಯದು. ಎರಡನೆಯದರ ಮುಚ್ಚಳ ತೆಗೆದರೆ ಬಿಟ್ಟುಗಳೆಲ್ಲ ಒಟ್ಟಿಗೆ ನೆಲಕ್ಕೆ.

"ಬಿಟ್ಟ ಬಿಟ್ಟಲ್ಲೇ ಬಿಟ್ಟು ಹೋಗುವ ಬಿಟ್ಟು" ಎಂದಳು ತನ್ವಿ.

"ತಮಾಷೆ ಬೇಡ. ಈ ಮೂರನೇದು ನೋಡು, ಒಳಗಿನ ಚಕ್ರದ ಹಲ್ಲು ಸಣ್ಣದು. ಸ್ವಲ್ಪ ಕೈ ಆಡ್ಸಿದ್ರೂ ಹಿಡಿಯುತ್ತೆ. ಇಕ್ಕಟ್ಟಿನ ಜಾಗಕ್ಕೆ ಒಳ್ಳೇದು."

"ಇಕ್ಕಟ್ಟಿನ ಜಾಗ ಅಂದ್ರೆ? ಗೂಡಿನಂಥದ್ದಾ?"

"ಹಾಂ, ಗೂಡಿನಂಥದ್ದು."

ಎಷ್ಟು ಸಲೀಸಾಗಿ ಒಪ್ಪಿಕೊಂಡ! ತನ್ವಿ ಬಾಯಿ ಮುಚ್ಚಿ ಕಣ್ಣು ಅಗಲಿಸಿದಳು. ಆಗ ಕಂಡಿತು. ಸ್ಕ್ರೂಡ್ರೈವರಿನ ಕುತ್ತಿಗೆಯ ಬಳಿಯ ಬಳೆಯನ್ನು ಒಂದು ಕಡೆ ತಿರುಗಿಸಿದರೆ ಬಿಗಿ, ಇನ್ನೊಂದು ಕಡೆ ತಿರುಗಿಸಿದರೆ ಬಿಚ್ಚು. ನವೀನ ನಾಲ್ಕನ್ನೂ ಪರೀಕ್ಷಿಸಿದ, ನಾಲ್ಕರಲ್ಲೂ ಬಿಚ್ಚಿದ. ಒಂದೇ ಒಂದು ಸಲವೂ ಬಿಗಿ ಮಾಡಿ ನೋಡಲಿಲ್ಲ. ಕಟ್ಟುವವನು ಹೀಗೆ ಆರಿಸುತ್ತಾನೆಯೇ?

"ಯೋಚ್ನೆ ಮಾಡಿ ತಗೋತೀನಿ" ಎಂದು ಏನನ್ನೂ ಕೊಳ್ಳದೆ ಹೊರಬಂದ. ಯೋಚನೆ ಮಾಡುವಂಥದ್ದು ಏನಿದೆ ಎಂದು ತನ್ವಿ ಇಡೀ ಭಾನುವಾರ ಯೋಚಿಸಿದಳು. ನೇರವಾಗಿ ಕೇಳಿಬಿಡಬಹುದಿತ್ತು. ಆದರೆ 'ಗೂಡು ಬಿಚ್ಚಬೇಡ' ಎಂದು ತನ್ನದೇ ದನಿಯಲ್ಲಿ ಹೇಳುವುದನ್ನು ನೆನೆದರೆ ಅದು ಬೇಡುವವಳ ದನಿಯಂತೆ ಕೇಳಿಸುತ್ತಿತ್ತು. ಅದಕ್ಕಿಂತ ಬೇರೆಯವರ ದನಿ ವಾಸಿ.

ಸೋಮವಾರ ಊಟದ ಹೊತ್ತಿಗೆ ಅವಳು ಆಫೀಸಿನ ಪಾರ್ಕಿಂಗ್ ಕಟ್ಟಡದ ಮೆಟ್ಟಿಲ ಮೂಲೆಗೆ ಹೋಗಿ, ನಂಬರು ಕಾಣದಂತೆ ಮಾಡಿ, ಗಂಡನಿಗೆ ಫೋನ್ ಹಚ್ಚಿದಳು. ದಾನವ್ವನ ಮಗಳ ಮನೆಯ ಫೋನೂ ಹೀಗೇ ನಂಬರಿಲ್ಲದೆ ಬರುತ್ತಿತ್ತು.

"ಹಲೋ, ಯಾರು?"

"ಯಾರಂದ್ರ? ಅತ್ತಿ ದನಿ ಗುರುತ ಹತ್ತಂಗಿಲ್ಲೇನೋ ನಿನಗ? ದನಿ ಮರತಿ ಅಂದ್ರ ಮಾರಿ ಎಲ್ಲಿ ನೆನಪಿಟ್ಟಿ!"

"ಅಯ್ಯ, ಅತ್ತಿ! ಹಂಗಲ್ಲಬೇ, ಮೀಟಿಂಗಿನ್ಯಾಗ ಇದ್ದೆ. ಆರಾಮದಿಯಿಲ್ಲ?"

ಉಡುಪಿಯ ಹುಡುಗಿಗೆ ಗದಗಿನ ಗಂಟಲು ಇಷ್ಟು ಚೆನ್ನಾಗಿ ಕೂತದ್ದು ಕಂಡು ಅವಳಿಗೇ ಒಳಗೊಳಗೇ ಹೆಮ್ಮೆಯಾಯಿತು.

"ಆರಾಮ ಎಲ್ಲಿಂದ ಬರಬೇಕಪ್ಪ. ನಮ್ಮ ಆಕಾಶಂದ ಏನ್ ಮಾಡಿದಿ?"

"ಅವತ್ತ ಹೇಳಿದ್ನೆಲ್ಲ ಅತ್ತಿ. ಖೋಲಿ ಖಾಲಿ ಇಲ್ಲ. ತನ್ವಿ ಅಲ್ಲಿ ಕತಿ ರೆಕಾರ್ಡ್ ಮಾಡತಾಳ. ಅದನ್ನ ಬಿಚ್ಚು ಅಂತ ನಾ ಅಕಿಗೆ ಹೇಳಂಗಿಲ್ಲ."

ಇಲ್ಲಿಗೆ ಫೋನ್ ಇಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಬಿಗಿಯಾದ ಸ್ಕ್ರೂ ಬಿಗಿಯಾಯಿತೆಂದು ನಂಬದೆ ಇನ್ನೊಂದು ಸುತ್ತು ತಿರುಗಿಸುವ ಜಾತಿಯವಳು ತನ್ವಿ. ಇವನು ಇಷ್ಟು ಒಳ್ಳೆಯವನಾಗಿದ್ದು ಯಾವಾಗ? ತನ್ನ ಗುರುತು ಹತ್ತಿ ನಾಟಕ ಮಾಡುತ್ತಿದ್ದಾನೆಯೇ?

"ಅಂದ್ರ ಹೇಣ್ತಿಗೆ ಅಂಜತಿ ಅನ್ನು."

"ಅಂಜಿಕಿ ಮಾತಲ್ಲತ್ತಿ..."

"ನಿಮ್ಮವ್ವ ದವಾಖಾನಿಯೊಳಗ ಮಲಗಿದ್ದಾಗ ನಿನ್ನ ಯಾರೋ ಬಗಲಾಗ ಹಾಕ್ಕೊಂಡಿದ್ರು? ನಮ್ಮನಿಯಾಗ ಖೋಲಿ ಎಷ್ಟಿದ್ದುವು? ಒಂದ! ಇಲ್ಲ ಅಂದ್ನೇನು ನಾ?" ಎಂದೋ ನವೀನನೇ ಹೇಳಿದ್ದ ಸಂಗತಿ ಅದು. ಹೇಳುತ್ತ ಹೇಳುತ್ತ ತನ್ವಿಗೆ ನಿಜಕ್ಕೂ ದುಃಖ ಒತ್ತರಿಸಿ ಬಂತು. ಪಾಪ ದಾನವ್ವ! ಸೆರಗಿಲ್ಲದಿದ್ದರೂ ಸೆರಗಿನಲ್ಲೇ ಕಣ್ಣೊರೆಸಿಕೊಂಡಂತೆ ಮೂಗು ಏರಿಸಿದಳು.

ಆ ಕಡೆ ಲ್ಯಾಪ್‌ಟಾಪು ಮುಚ್ಚಿದ ಸದ್ದಾಯಿತು.

"ಅಳಬ್ಯಾಡತ್ತಿ" ಎಂದ ನವೀನ. ದನಿ ಕುಸಿದಿತ್ತು. "ಕಳಸು ಅಂವನ್ನ. ನಾ ಬಿಚ್ಚತೀನಿ."

ಬೇಡ ಎಂದು ಕೂಗಬೇಕಿತ್ತು. ಆದರೆ ದಾನವ್ವ ಹಾಗೆ ಕೂಗುವವರಲ್ಲ. ಪಾತ್ರ ಮುರಿಯಲಾರದೆ ತನ್ವಿ, "ಬಂಗಾರದಂಥಾ ಹುಡುಗ ನೀ, ನೂರು ವರ್ಷ ಬಾಳು" ಎಂದು ಹರಸಿ ಫೋನ್ ಇಟ್ಟಳು. ಆಮೇಲೆ ಅದೇ ಮೆಟ್ಟಿಲ ಮೇಲೆ ಕುಸಿದು ಕೂತಳು.

ಸಂಜೆ ಮನೆಗೆ ಬಂದಾಗ ನವೀನ ಹೊಸ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ಕನ್ನು ಕತ್ತರಿಯಲ್ಲಿ ಸೀಳುತ್ತಿದ್ದ. ಮೂರನೆಯದು, ಸಣ್ಣ ಹಲ್ಲಿನದು.

"ತನ್ವಿ, ಸಾರಿ. ಅತ್ತೆ ಫೋನ್ ಮಾಡಿದ್ರು. ಅತ್ತುಬಿಟ್ರು. ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ಆಕಾಶಂಗೆ ಆಗ್ಲೇ ಮೆಸೇಜ್ ಮಾಡ್ದೆ, ಶನಿವಾರ ಬರ್ತಾನೆ."

"ಮೆಸೇಜ್ ಮಾಡಿಯೂ ಆಯ್ತಾ?"

"ಹೋಟೆಲ್ ಬುಕ್ಕಿಂಗು ಕ್ಯಾನ್ಸಲ್ ಮಾಡ್ತೀನಿ ಅಂದ."

ತನ್ವಿ ಕೊನೆಯ ಹುಲ್ಲುಕಡ್ಡಿ ಹಿಡಿದಳು. "ನೀನು ಮೊದ್ಲೇ ಬಿಚ್ಚೋ ಪ್ಲಾನಲ್ಲಿದ್ದೆ ತಾನೆ? ಡೈಲಿ ಯೂಸು ಅಂದ್ಯಲ್ಲ!"

"ತವಾ ಹಿಡಿ ಅಲ್ಲಾಡುತ್ತೆ ಅಂತ ದಿನಾ ಬೈಯೋದು ನೀನಲ್ವಾ? ಮತ್ತೆ ಗೂಡಿನ ಫ್ಯಾನು ಗೊರಕೆ ಹೊಡೀತಿತ್ತಲ್ಲ, ಅದನ್ನ ಬಿಗಿ ಮಾಡೋಣ ಅಂತಿದ್ದೆ."

"ಅಂಗಡೀಲಿ ನಾಲ್ಕರಲ್ಲೂ ಬರೀ ಬಿಚ್ಚಿ ಬಿಚ್ಚಿ ನೋಡ್ದೆ!"

"ಬಂದ ಬಂದವರೆಲ್ಲ ಆ ಹಲಗೇಲಿದ್ದ ಸ್ಕ್ರೂಗಳನ್ನ ಟೈಟ್ ಮಾಡಿ ಹೋಗಿದ್ರು ಮಾರಾಯ್ತಿ. ಬಿಚ್ಚದೆ ಇನ್ನೇನು ಮಾಡ್ಲಿ?"

ಅವನು ಎರಡನೆಯ ಬೆಡ್‌ರೂಮಿಗೆ ನಡೆದ. ಟಿರ್ರ್ ಟಿರ್ರ್ ಎಂಬ ಸದ್ದಾಯಿತು. ಮೊದಲ ಸ್ಕ್ರೂ ಬಿಚ್ಚಿಕೊಂಡು ನೆಲಕ್ಕುರುಳಿತು. ಬಾಗಿಲಲ್ಲಿ ನಿಂತ ತನ್ವಿ ಬಾಯಿ ತೆರೆದಳು. ತನ್ನ ದನಿ ಬರಲಿಲ್ಲ. ಬಂದದ್ದು ಬೇರೆಯೇ.

"ಬಿಚ್ಚಬ್ಯಾಡೋ ತಮ್ಮಾ. ಮಧ್ಯಾಹ್ನ ಅತ್ತಾಕಿ ಅತ್ತಿ ಅಲ್ಲ, ನಾನ."

ನವೀನ ತಿರುಗಿ ನೋಡಿದ. ಅವನ ಮುಖದಲ್ಲಿ ಗದಗಿನ ಮನೆ, ಓಕ್ಲ್ಯಾಂಡಿನ ಆಫೀಸು, ನಂಬರಿಲ್ಲದ ಫೋನು ಒಂದೊಂದಾಗಿ ಜೋಡಣೆಯಾಗುವುದು ಕಾಣಿಸಿತು. ಸಿಟ್ಟು ಬರುತ್ತದೆಂದು ತನ್ವಿ ಕಾದಳು. ಬಂದದ್ದು ಗುಮಾನಿ.

"ದೀಪಾವಳೀಲಿ ಅಪ್ಪ ಫೋನ್ ಮಾಡಿ ದೊಡ್ಡ ಟೀವಿ ಬೇಡ ಅಂದಿದ್ದು?"

"ದೇವರಾಣೆ ಅದು ಮಾವನೇ."

"ಡೆಂಟಿಸ್ಟ್ ಆಫೀಸಿಂದ ಅಪಾಯಿಂಟ್‌ಮೆಂಟ್ ನೆನಪಿಸಿದ ಹುಡುಗಿ?"

ತನ್ವಿ ಬಾಗಿಲ ಚಿಲಕವನ್ನು ಪರೀಕ್ಷಿಸತೊಡಗಿದಳು.

"ಅಯ್ಯೋ! ಅವಳ ಹತ್ರ ನಾನು ಎಷ್ಟು ನೈಸಾಗಿ ಮಾತಾಡಿದ್ದೆ!"

"ಗೊತ್ತು. ಅದಕ್ಕೇ ಆಮೇಲೆ ನಾನು ಮಾತು ಬಿಟ್ಟಿದ್ದು."

ನವೀನ ನಗಲಿಲ್ಲ. ಜೇಬಿನಿಂದ ಫೋನು ತೆಗೆದು ಆಕಾಶನ ನಂಬರು ಒತ್ತಿ ಅವಳ ಕೈಗಿಟ್ಟ. "ಕರೆದವಳು ನೀನು. ಬೇಡ ಅನ್ನೋಳೂ ನೀನೇ ಆಗು. ನಿನ್ನ ದನೀಲಿ ಹೇಳು."

"ಆಕಾಶ, ನಾನು ತನ್ವಿ." ದನಿ ತೆಳ್ಳಗೆ ನಡುಗಿತು. "ರೂಮು... ರೂಮಿಲ್ಲ ಆಕಾಶ. ಅಲ್ಲಿ ನಾನು ಕೆಲಸ ಮಾಡ್ತೇನೆ. ಅದನ್ನು ಬಿಚ್ಚಲಿಕ್ಕೆ ನನಗೆ ಮನಸ್ಸಿಲ್ಲ."

"ಯಾರ್ರೀ ಇದು?" ಎಂದಿತು ಫೋನು. "ವೈನಿ ದನಿ ನಾ ಕೇಳೀನಿ. ಹಿಂಗಿಲ್ಲ. ಅಣ್ಣನ ಫೋನು ಹ್ಯಾಕ್ ಮಾಡೀರೇನು? ಇನ್ನೊಮ್ಮೆ ಮಾಡಿದ್ರ ಕಂಪ್ಲೇಂಟ್ ಕೊಡತೀನಿ!" ಫೋನು ಕಟ್ಟಾಯಿತು.

ಅವನು ಇದುವರೆಗೆ ಅತ್ತಿಗೆಯ ದನಿಯೆಂದು ಕೇಳಿದ್ದು ಕತೆಯ ಹುಲಿಯನ್ನೋ ಅಜ್ಜಿಯನ್ನೋ ಇರಬೇಕು. ತನ್ವಿ ನವೀನನತ್ತ ನೋಡಿದಳು. ಅವನು ಸ್ಕ್ರೂಡ್ರೈವರು ಕೆಳಗಿಟ್ಟು, ನೆಲದಲ್ಲಿ ಸ್ಕ್ರೂ ಹುಡುಕುತ್ತಿದ್ದ. ಸಹಾಯ ಮಾಡುವ ಲಕ್ಷಣ ಕಾಣಲಿಲ್ಲ. ಅವಳು ಕೂದಲು ಸರಿಮಾಡಿಕೊಂಡು ತಾನೇ ಮತ್ತೆ ನಂಬರು ಒತ್ತಿದಳು, ಈ ಸಲ ವಿಡಿಯೋದಲ್ಲಿ.

ಆಕಾಶ ಫೋನನ್ನು ಮೂಗಿನ ಹತ್ತಿರ ತಂದು ಅವಳ ಮುಖ ಪರೀಕ್ಷಿಸಿದ. "ಖರೇನ ವೈನೀನ? ಈಗೇನ್ ಎಐನ್ಯಾಗ ಮಾರೀನೂ ಮಾಡತಾರ. ಅಣ್ಣ ಎಲ್ಲಿ?"

"ಅಣ್ಣ ಗೂಡಿನ ಹಿಂದೆ ಸ್ಕ್ರೂ ಹುಡುಕ್ತಿದ್ದಾರೆ. ಅವರನ್ನು ಕೇಳಬೇಡ. ನಾನೇ ಹೇಳ್ತಿದ್ದೇನೆ. ರೂಮು ಕೊಡೋದಿಲ್ಲ." ಈ ಸಲ ದನಿ ಅಷ್ಟು ನಡುಗಲಿಲ್ಲ. ತೆಳ್ಳಗಿತ್ತು, ಅಷ್ಟೆ. ಅದು ಅವಳದೇ ಆಗಿತ್ತು.

ಆಕಾಶ ತಲೆ ಕೆರೆದುಕೊಂಡ. "ಹೋಟೆಲ್ ಬ್ಯಾರೆ ಕ್ಯಾನ್ಸಲ್ ಮಾಡೀನಿ. ಸೋಫಾ ಆದ್ರೂ ಐತೇನ್ರೀ?"

"ಸೋಫಾ ಉಂಟು. ಎರಡು ವಾರ. ಶನಿವಾರ ಬೆಳಿಗ್ಗೆ ಮನೇಲಿ ಸದ್ದು ಮಾಡುವ ಹಾಗಿಲ್ಲ."

ಗೂಡಿನ ಹಿಂದಿನಿಂದ ನವೀನನ ಕೈಯೊಂದು ಹೊರಬಂತು. ಬೆರಳುಗಳ ನಡುವೆ ಸ್ಕ್ರೂ ಇತ್ತು. ತನ್ವಿ ಅದನ್ನು ತೆಗೆದುಕೊಂಡು, ಫೋನಿನಲ್ಲಿ ಆಕಾಶ ಇನ್ನೂ ಕಣ್ಣು ಕಿರಿದಾಗಿಸಿ ನೋಡುತ್ತಿದ್ದಂತೆಯೇ, ಗೂಡಿನ ಬಾಗಿಲ ಬಳಿ ಮಂಡಿಯೂರಿದಳು.