ಶೇಂಗಾ ಹೊಲಕ್ಕೆ ಬಿದ್ದ ಬೇಹುಗಾರ

ಸಗರದ ಶಾಲೆಯಲ್ಲಿ ಶನಿವಾರದ ಕೊನೆಯ ತಾಸು ಕಥೆಗೆ ಮೀಸಲು. ಹೇಳುವವರು ದೇವಕಮ್ಮ ಟೀಚರು. ಕೇಳುವವರು ಮೂರು, ನಾಲ್ಕನೇ ತರಗತಿಯ ಮಕ್ಕಳು ಮತ್ತು ಬಾಗಿಲ ಹೊರಗೆ ಕಟ್ಟೆಯ ಮೇಲೆ ಕುಳಿತ ರೇಣಮ್ಮ. ರೇಣಮ್ಮನ ಮಕ್ಕಳು ಯಾರೂ ಆ ಶಾಲೆಯಲ್ಲಿ ಇರಲಿಲ್ಲ. ಇದ್ದೊಬ್ಬ ಮಗಳನ್ನು ಶಿರವಾಳಕ್ಕೆ ಮದುವೆ ಮಾಡಿ ಕೊಟ್ಟಾಗಿತ್ತು. ಟೀಚರ ಮನೆಗೆ ಆಡಿನ ಹಾಲು ಕೊಡಲು ಬರುತ್ತಿದ್ದವಳು ಒಂದು ದಿನ ಅರ್ಧ ಕಥೆ ಕೇಳಿ ಎದ್ದು ಹೋಗಲಾರದೆ ಅಲ್ಲೇ ಕುಳಿತಳು. ಆಮೇಲೆ ಶನಿವಾರ ತಪ್ಪಿಸಲೇ ಇಲ್ಲ.

ಆ ಚಳಿಗಾಲದಲ್ಲಿ ನಡೆಯುತ್ತಿದ್ದುದು ಬೇಹುಗಾರರ ಕಥೆ. ಚುಕ್ಕವ್ವ ಎಂಬ ಹುಡುಗಿ ಚಂದ್ರನ ಮರೆಯಲ್ಲಿ ಅಡಗಿ ಕುಳಿತು, ಕೆಳಗೆ ಬಡವರ ಕಾಳು ಕದಿಯುವ ರಾಜನ ಮೇಲೆ ಕಣ್ಣಿಟ್ಟಿರುತ್ತಾಳೆ. ಇದು ಟೀಚರು ತಾವೇ ಕಟ್ಟಿದ್ದು. ಕಥೆ ನಿಂತ ಮೇಲೆ ನಿಜದ ಮಾತೂ ಒಂದಿಷ್ಟು ಇರುತ್ತಿತ್ತು. ಹಿಂದಿನ ಕಾಲದಲ್ಲಿ ಸುರಪುರದ ಗುಡ್ಡದ ಮೇಲೆ ಕುಳಿತ ಕಾವಲಿನವರು ದೂರದ ದಾರಿಯ ಧೂಳು ನೋಡಿಯೇ ಬರುವವರು ಯಾರೆಂದು ಹೇಳುತ್ತಿದ್ದರಂತೆ. ಹಾಗೆಂದು ಟೀಚರ ಅಜ್ಜ ಹೇಳುತ್ತಿದ್ದರು. ಈಗ ಆ ಕಾವಲು ಆಕಾಶಕ್ಕೆ ಏರಿದೆ. ದೊಡ್ಡ ದೇಶದವರು ಉಪಗ್ರಹ ಹಾರಿಸಿ ಒಬ್ಬರ ಅಂಗಳವನ್ನು ಒಬ್ಬರು ಕದ್ದು ನೋಡುತ್ತಾರೆ. ಮೊದಮೊದಲು ಫೋಟೋ ರೀಲನ್ನು ಡಬ್ಬಿಯಲ್ಲಿಟ್ಟು, ಡಬ್ಬಿಗೆ ಪ್ಯಾರಾಚೂಟಿನ ಛತ್ರಿ ಕಟ್ಟಿ ಕೆಳಗೆ ಬಿಡುತ್ತಿದ್ದರು; ವಿಮಾನದವರು ಅದನ್ನು ಗಾಳಿಯಲ್ಲೇ ಹಿಡಿಯುತ್ತಿದ್ದರು.

"ಹಿಡಿಯೋದು ತಪ್ಪಿದ್ರ, ಅಕ್ಕೋರ?" ರೇಣಮ್ಮ ಹೊರಗಿನಿಂದಲೇ ಕೇಳಿದಳು.

"ತಪ್ಪಿದ್ರ ಯಾರದರೆ ಹೊಲದಾಗ ಬೀಳ್ತದ ನೋಡವ್ವ," ಎಂದರು ದೇವಕಮ್ಮ. ಮಕ್ಕಳೆಲ್ಲ ನಕ್ಕರು.

ಮುಂದಿನ ವಾರವೇ ರೇಣಮ್ಮನ ಹೊಲದಲ್ಲಿ ಬಿತ್ತು.

ಹೊಲ ಇದ್ದದ್ದು ಕೆನಾಲಿನ ಕೊನೆಗೆ. ಕೃಷ್ಣೆಯ ನೀರು ಆ ಸೀಮೆಗೆ ಬಂದು ಕೆಲವು ವರ್ಷಗಳಾಗಿದ್ದವು. ಮಳೆ ನಂಬಿಕೊಂಡು ಸಜ್ಜೆ ಬಿತ್ತುತ್ತಿದ್ದ ರೇಣಮ್ಮ ಮತ್ತು ಗಂಡ ಮಲ್ಕಪ್ಪ ಈಗ ಕುರಿಯ ಜೊತೆಗೆ ಬೇಸಿಗೆ ಶೇಂಗಾವನ್ನೂ ಬೆಳೆಯುತ್ತಿದ್ದರು. ಆ ಸಲ ಮಾತ್ರ ನೀರು ಮೇಲಿನ ಹೊಲಗಳಲ್ಲೇ ನಿಂತುಬಿಡುತ್ತಿತ್ತು. ಕೊನೆಯ ನಾಲ್ಕು ಮನೆಯವರ ಕಾಲುವೆಗೆ ಬರುತ್ತಿದ್ದುದು ಒದ್ದೆ ಮಣ್ಣಿನ ವಾಸನೆ ಅಷ್ಟೇ. ಶೇಂಗಾ ಹೂ ಬಿಟ್ಟು ನಿಂತಿತ್ತು. ಗೇಟು ನೋಡಿಕೊಳ್ಳುವ ಭಾಗಣ್ಣನನ್ನು ಕೇಳಿದರೆ "ಬರ್ತದ, ಬರ್ತದ" ಎಂದು ಸೈಕಲ್ ಹತ್ತಿ ಹೋಗಿಬಿಡುತ್ತಿದ್ದ.

ಬೆಳಗಿನ ಬಿಸಿಲಲ್ಲಿ ರೇಣಮ್ಮ ಕಳೆ ತೆಗೆಯುತ್ತಿದ್ದಳು. ತಲೆಯ ಮೇಲೆ ಏನೋ ಪಟಪಟ ಸಪ್ಪಳ. ನೋಡಿದರೆ ಕೆಂಪು ಬಿಳಿ ಪಟ್ಟೆಯ ದೊಡ್ಡ ಛತ್ರಿ, ಅದರ ಕೆಳಗೆ ಜೋತುಬಿದ್ದ ಒಂದು ಪೆಟ್ಟಿಗೆ. ಅವಳು ಓಡುವುದಕ್ಕೂ ಮರೆತು ನಿಂತಳು. ಪೆಟ್ಟಿಗೆ ಬದುವಿಗೆ ಬಡಿದು ಒಂದು ಮಗ್ಗುಲಿಗೆ ಉರುಳಿತು. ಛತ್ರಿ ಬಾರಿ ಹಣ್ಣಿನ ಮುಳ್ಳುಗಿಡದ ಮೇಲೆ ಹಾಸಿಕೊಂಡಿತು. ಮಲ್ಕಪ್ಪನ ಕುರಿಗಳು ದಿಕ್ಕಾಪಾಲಾದವು.

"ಅದು ಬಾಂಬ್ ಇದ್ದೀತು, ಸನೇಕ ಹೋಗಬ್ಯಾಡ!" ಮಲ್ಕಪ್ಪ ದೂರದಿಂದ ಕೂಗಿದ.

"ಬಾಂಬ್ ಅಲ್ಲ, ಬೇಹಿನ ಡಬ್ಬಿ," ಎಂದಳು ರೇಣಮ್ಮ. ಅವಳಿಗೆ ಹೆದರಿಕೆಗಿಂತ ಹೆಚ್ಚಾಗಿ ಒಂಥರಾ ಹೆಮ್ಮೆಯೇ ಆಗಿತ್ತು. "ವಿಮಾನದವರು ಹಿಡಿಯೋದು ತಪ್ಪ್ಯಾರ."

ಸುದ್ದಿ ತಿಳಿದು ದೇವಕಮ್ಮ ಬಂದರು. ತಗಡು ಹೊದಿಸಿದ ಪೆಟ್ಟಿಗೆ, ಒಂದು ಮೂಲೆಯಲ್ಲಿ ಗಾಜಿನಂಥದ್ದು, ಸುತ್ತ ವೈರುಗಳು. ಅವರು ಎರಡು ಸುತ್ತು ಹಾಕಿ ನೋಡಿದರು.

"ಖರೇ ಹೇಳ್ಬೇಕಂದ್ರ ಇದು ಏನಂತ ನನಗೂ ಗೊತ್ತಿಲ್ಲ ರೇಣಮ್ಮ. ಬೇಹಿನದೋ, ಮತ್ತೊಂದೋ. ಯಾರೂ ಮುಟ್ಟಬ್ಯಾಡ್ರಿ. ನಾ ಶಹಾಪುರ ಠಾಣಾಕ್ಕ ಫೋನ್ ಮಾಡಸ್ತೀನಿ."

ಸಂಜೆ ಒಬ್ಬ ಪೊಲೀಸಿನವನು ಬಂದು, ಹೈದರಾಬಾದಿನವರಿಗೆ ತಿಳಿಸಿದ್ದೇವೆ, ಅವರು ಬರುವತನಕ ಕಾಯಿರಿ ಎಂದು ಹೇಳಿ ಹೋದ. ಯಾವ ಹೈದರಾಬಾದಿನವರು ಎಂದು ಅವನೂ ಹೇಳಲಿಲ್ಲ. ಹೀಗಾಗಿ ಬೇಹಿನ ಮಾತು ಇನ್ನೂ ಗಟ್ಟಿಯಾಯಿತು. ಊರವರು ಗುಂಪುಗುಂಪಾಗಿ ಬಂದು ನೋಡಿದರು. ಪೆಟ್ಟಿಗೆ ಎಲ್ಲವನ್ನೂ ಕೇಳುತ್ತದೆ, ಕೇಳಿದ್ದನ್ನು ದಿಲ್ಲಿಗೆ ಮುಟ್ಟಿಸುತ್ತದೆ ಎಂದು ಯಾರೋ ಹೇಳಿದರು. ಜಗಳಗಂಟಿ ತಿಮ್ಮವ್ವ ಕೂಡ ಆ ಬದುವಿನ ಹತ್ತಿರ ಬಂದಾಗ ಮೆತ್ತಗೆ ಮಾತಾಡತೊಡಗಿದಳು.

ಮರುದಿನ ಮಲ್ಕಪ್ಪ ಕುರಿ ಹೊಡೆದುಕೊಂಡು ಹೋದ. ಕಾವಲಿಗೆ ರೇಣಮ್ಮ ಒಬ್ಬಳೇ. ಕುಳಿತು ಕುಳಿತು ಬೇಸರವಾಯಿತು. ಪೆಟ್ಟಿಗೆಯನ್ನೇ ನೋಡಿದಳು. ಚಂದ್ರನ ಮರೆಯ ಚುಕ್ಕವ್ವ ನೆನಪಾದಳು. ಕೇಳುತ್ತದೆ ಎಂದು ಅವಳಿಗೆ ಪೂರ್ತಿ ನಂಬಿಕೆಯೇನೂ ಇರಲಿಲ್ಲ. ಕೇಳಿದರೆ ಕೇಳಲಿ, ಇಲ್ಲದಿದ್ದರೆ ತನ್ನದು ಹೋಗುವುದೇನು ಎಂದುಕೊಂಡು, ಸೆರಗು ಸರಿಮಾಡಿಕೊಂಡು ಅದರ ಮುಂದೆ ಕುಳಿತಳು.

"ನೋಡ್ರಿ, ಯಾರು ಕೇಳಾಕತ್ತೀರೋ ನನಗ ಗೊತ್ತಿಲ್ಲ. ನಮ್ಮ ಮನಿ ಗುಟ್ಟು ಏನೂ ಇಲ್ರಿ. ಒಂದೇ ಮಾತದ. ನಮಗ ನೀರು ಬರವಲ್ದು. ಗೇಟಿನ ಭಾಗಣ್ಣ ಬರ್ತದ ಅಂತಾನ, ಹೋಗ್ತಾನ. ಶೇಂಗಾ ಹೂವಾಗ್ಯಾದ. ಈಗ ಕುಡಿಸಲಿಲ್ಲ ಅಂದ್ರ ಕಾಯಿ ಹಿಡಿಯಾಂಗಿಲ್ಲ. ಇಷ್ಟೇ ಹೇಳೂದು. ಯಾರಿಗರೆ ಮುಟ್ಟಸ್ರಿ."

ಹೇಳಿ ಮುಗಿಸಿದ ಮೇಲೆ ಎದೆ ಹಗುರಾಯಿತು. ಹಿಂದೆ ತಿರುಗಿದರೆ ಕೆನಾಲಿನ ದಂಡೆಯ ಮೇಲೆ ಭಾಗಣ್ಣ, ಒಂದು ಕಾಲು ನೆಲಕ್ಕೆ ಊರಿ ಸೈಕಲ್ ಮೇಲೆ ನಿಂತಿದ್ದ. ಅವಳು ನೋಡಿದ್ದೇ ತಡ, ಪೆಡಲ್ ತುಳಿದು ಮಾಯವಾದ.

"ಕೇಳಿದನೇನೋ ಯವ್ವಾ," ಎಂದು ರೇಣಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನಗುವೂ ಬಂತು, ಕಸಿವಿಸಿಯೂ ಆಯಿತು.

ಅದರ ಮರುದಿನ ಮಧ್ಯಾಹ್ನ ಅವಳು ಜೋಳದ ಕಣಿಕಿಯ ಬಣವೆಯ ನೆರಳಲ್ಲಿ ಬುತ್ತಿ ಬಿಚ್ಚಿದ್ದಳು. ಸೈಕಲ್ ಸದ್ದು ಕೇಳಿಸಿತು. ಭಾಗಣ್ಣ ಸೈಕಲನ್ನು ಬದುವಿಗೆ ಒರಗಿಸಿ, ಆಚೆ ಈಚೆ ನೋಡಿದ. ಬಣವೆಯ ಹಿಂದಿದ್ದ ರೇಣಮ್ಮ ಅವನಿಗೆ ಕಾಣಲಿಲ್ಲ. ಅವನು ನೇರ ಪೆಟ್ಟಿಗೆಯ ಮುಂದೆ ಹೋಗಿ, ಚಪ್ಪಲಿ ಬಿಟ್ಟು, ಸಲಾಮು ಹೊಡೆದ.

"ಸಾಹೇಬ್ರ, ನಾ ಭಾಗಣ್ಣ ರೀ. ನಿನ್ನಿ ಆ ಹೆಣ್ಮಗಳು ಹೇಳಿದ್ದು ಸುಳ್ಳಲ್ರಿ. ಆದ್ರ ಕಸೂರು ನಂದೊಂದೇ ಅಲ್ರಿ. ನಾ ಗೇಟು ಸರಿಯಾಗೇ ಎತ್ತತೀನಿ. ಮ್ಯಾಲಿನ ಹೊಲದ ಹಣಮಂತ್ರಾಯ ಮತ್ತ ಆಜೂಬಾಜೂದವರು ದಂಡಿ ತೂತು ಮಾಡಿ ಪೈಪ್ ಹುಗದಾರ. ತಗೀರಿ ಅಂದ್ರ, ನೀ ಒಬ್ಬನ ಬಂದು ತಗದು ನೋಡು ಅಂತಾರ. ನಾ ಒಬ್ಬನ ಅದೀನ್ರಿ. ಈ ಕೊನಿ ಹೊಲದವರ ಮಾರಿ ನೋಡಾಕ ನನಗ ಆಗವಲ್ದು. ಅದಕ್ಕ ಸೈಕಲ್ ನಿಲ್ಲಸಂಗಿಲ್ಲ ನಾ."

ರೇಣಮ್ಮನ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಇಷ್ಟು ದಿನ ಅವನನ್ನು ಬೈದದ್ದು, ಅವನ ಬೆನ್ನಿಗೆ ಮಣ್ಣು ತೂರಿದ್ದು ನೆನಪಾಯಿತು. ಸುಮ್ಮನೆ ಕುಳಿತುಬಿಡಬಹುದಿತ್ತು, ಅವನಿಗೆ ತಿಳಿಯುತ್ತಿರಲಿಲ್ಲ. ಆದರೆ ಅವಳು ಎದ್ದು ಬಣವೆ ಸುತ್ತಿ ಬಂದಳು.

ಭಾಗಣ್ಣ ಬೆಚ್ಚಿಬಿದ್ದ. "ನೀ ಇಲ್ಲೇ ಇದ್ದೇನವ್ವ?"

"ಇಲ್ಲೇ ಇದ್ದೆ. ಎಲ್ಲಾ ಕೇಳಿದೆ. ಡಬ್ಬಿ ಕೇಳ್ತೋ ಇಲ್ಲೋ, ನಾ ಅಂತೂ ಕೇಳೀನಿ. ಈ ಮಾತು ನಮಗ್ಯಾಕ ಹೇಳಲಿಲ್ಲೋ ಅಣ್ಣ?"

"ಹೇಳಿದ್ರ ನೀವು ಜಗಳಕ್ಕ ಹೋಗ್ತೀರಿ. ಬಡಿದಾಟ ಆಗ್ತದ. ನನ್ನ ಹೆಸರು ಬರ್ತದ."

"ಜಗಳಕ್ಕ ಯಾಕ ಹೋಗೂದು? ಎಲ್ಲಾರೂ ಕೂಡಿ ಹೋಗೂಣು. ನೀ ಒಬ್ಬನ ಇದ್ದಿ ಅಂತ ಅವರು ಅಂತಾರ. ಒಬ್ಬನ ಇರಬ್ಯಾಡ. ಬಾ, ಮೊದಲ ರೊಟ್ಟಿ ತಿನ್ನು."

ಭಾಗಣ್ಣ ಮೊದಲು ಬೇಡ ಎಂದ, ಆಮೇಲೆ ಕುಳಿತ. ಪುಂಡಿಪಲ್ಯ ಹಚ್ಚಿದ ರೊಟ್ಟಿ ತಿಂದು ನೀರು ಕುಡಿದ. ಅವನ ಮುಖದ ಮೇಲಿನ ಬಿಗಿ ಸ್ವಲ್ಪ ಸಡಿಲಾಯಿತು.

ಸಂಜೆಯೊಳಗೆ ರೇಣಮ್ಮ ಕೊನೆಯ ಹೊಲಗಳ ಉಳಿದ ಮೂರೂ ಮನೆಗೆ ಹೋಗಿ ಬಂದಳು. ಮರುದಿನ ಬಿಸಿಲೇರುವ ಹೊತ್ತಿಗೆ ಮಲ್ಕಪ್ಪ, ತಿಮ್ಮವ್ವ, ಪಕ್ಕದ ಹೊಲದ ಮನ್ಸೂರಅಲಿ, ಅವರ ಮನೆಯವರು ಎಲ್ಲ ಸಲಿಕೆ ಹಿಡಿದು ಕೆನಾಲಿನ ದಂಡೆ ಹಿಡಿದು ನಡೆದರು. ಮುಂದೆ ಭಾಗಣ್ಣ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ತಿಮ್ಮವ್ವನಿಗೆ ಮಾತ್ರ ರೇಣಮ್ಮ ದಾರಿಯುದ್ದಕ್ಕೂ ಹೇಳಿದಳು: "ಬಾಯಿ ಬಿಡಬ್ಯಾಡ ನೋಡು, ಇವತ್ತೊಂದು ದಿನ."

ಹಣಮಂತ್ರಾಯ ತನ್ನ ಹೊಲದ ಬದುವಿನ ಮೇಲೆ ನಿಂತಿದ್ದ. ಇಷ್ಟು ಜನ ಬರುತ್ತಿರುವುದನ್ನು ನೋಡಿ ಪಂಚೆ ಎತ್ತಿ ಕಟ್ಟಿದ. ಭಾಗಣ್ಣ ಹತ್ತಿರ ಹೋಗಿ, ದನಿ ಏರಿಸದೆ ಹೇಳಿದ.

"ಗೌಡ್ರ, ಪೈಪ್ ತಗೀಬೇಕ್ರಿ. ನಿಮ್ಮ ಪಾಳಿ ಬಂದಾಗ ನಿಮ್ಮ ನೀರು ನಾ ಒಂದು ತಾಸೂ ತಪ್ಪಸಾಂಗಿಲ್ಲ."

"ಪೈಪ್ ಅದ ಅಂತ ನಿನಗ ಯಾರು ಹೇಳಿದ್ರು?" ಎಂದ ಹಣಮಂತ್ರಾಯ. ಸಲಿಕೆ ಹಿಡಿದು ನಿಂತವರ ಮುಖಗಳನ್ನು ಅವನು ಒಂದೊಂದಾಗಿ ನೋಡಿದ. ಆಮೇಲೆ, ಯಾರೂ ಡಬ್ಬಿಯ ಮಾತು ಎತ್ತದೆಯೇ, ಅವನ ಕಣ್ಣು ಮೆಲ್ಲಗೆ ಆಕಾಶದ ಕಡೆಗೆ ಹೋಯಿತು. ಅಲ್ಲಿ ಮೋಡದ ಚೂರೂ ಇರಲಿಲ್ಲ. ಎಲ್ಲಾ ತೆರೆದುಕೊಂಡು ಬಿದ್ದಿತ್ತು.

"ಆ ಡಬ್ಬಿ ಇನ್ನೂ ಅಲ್ಲೇ ಅದೇನು?" ಎಂದು ಕೇಳಿದ.

"ಅದ ರೀ," ಎಂದ ಮಲ್ಕಪ್ಪ.

ಹಣಮಂತ್ರಾಯ ಕೆಮ್ಮಿದ. "ನಾ ಏನು ಕಾಯಂ ಇಡಬೇಕಂತ ಹಾಕಿದ್ದಿಲ್ಲ. ಬದನಿ ಸಸಿ ಒಣಗ್ತಿದ್ವು, ಅದಕ್ಕ. ಕೊಡು ಸಲಿಕಿ." ತಾನೇ ಇಳಿದು ಮೊದಲ ಪೈಪು ಕಿತ್ತ. ಮನ್ಸೂರಅಲಿ ಅವನ ಜೊತೆಗೆ ಕೆಸರಿಗಿಳಿದು ತೂತಿಗೆ ಮಣ್ಣು ಮೆತ್ತಿದ. ಅಕ್ಕಪಕ್ಕದವರೂ ತಮ್ಮ ತಮ್ಮ ಪೈಪು ತೆಗೆದರು. ತಿಮ್ಮವ್ವ ಕೊನೆಯತನಕ ಬಾಯಿ ಬಿಡಲಿಲ್ಲ. ಹೊರಡುವಾಗ ಹಣಮಂತ್ರಾಯನೇ ಅವಳನ್ನು ಕರೆದು ನಾಲ್ಕು ಬದನೆಕಾಯಿ ಕೊಟ್ಟ.

ಸಂಜೆ ಕಾಲುವೆಯ ಬುಡದಲ್ಲಿ ಸರಸರ ಸದ್ದಾಯಿತು. ಮೊದಲು ಒಣ ಎಲೆಗಳನ್ನು ತಳ್ಳಿಕೊಂಡು ನೊರೆ ಬಂತು, ಅದರ ಹಿಂದೆ ಕೆಂಪು ನೀರು. ಮಲ್ಕಪ್ಪ ಸಲಿಕೆಯಿಂದ ಮಡಿ ಒಡೆದ. ರೇಣಮ್ಮ ಸೀರೆ ಎತ್ತಿ ಕಟ್ಟಿ, ಸಾಲಿನಿಂದ ಸಾಲಿಗೆ ನೀರಿನ ಜೊತೆಗೇ ನಡೆದಳು. ಬಿರುಕು ಬಿಟ್ಟ ಎರೆ ಭೂಮಿ ಗುಟುಕರಿಸುವುದು ಕಿವಿಗೆ ಕೇಳುತ್ತಿತ್ತು.

ಹೈದರಾಬಾದಿನ ಜೀಪು ಬಂದದ್ದು ಮರುದಿನ. ಇಳಿದವನು ಮೈನುದ್ದೀನ ಎಂಬ ತರುಣ ಇಂಜಿನಿಯರು, ಗುರುಮಠಕಲ್ ಕಡೆಯವನು. ಡ್ರೈವರನ ಜೊತೆ ಸೇರಿ ಪೆಟ್ಟಿಗೆಯನ್ನು ಹೊರಳಿಸಿದ. ಅಡಿಯಲ್ಲಿ ಸಿಕ್ಕಿದ್ದ ಮಗ್ಗುಲಿಗೆ ಒಂದು ಚೀಟಿ ಅಂಟಿಸಿತ್ತು. ಇದು ಸಂಶೋಧನೆಯ ಉಪಕರಣ, ಅಪಾಯವಿಲ್ಲ ಎಂದು ಬರೆದಿತ್ತು. ಸುದ್ದಿ ಕೇಳಿ ಬಂದಿದ್ದ ದೇವಕಮ್ಮ ಅದನ್ನು ಗಟ್ಟಿಯಾಗಿ ಓದಿ, "ಈ ಮಗ್ಗಲು ಮ್ಯಾಲ ಬಿದ್ದಿದ್ರ ಆಗ್ತಿತ್ತು," ಎಂದು ನಕ್ಕರು.

"ಹಂಗಾದ್ರ ಇದು ಬೇಹಿನದಲ್ಲೇನಪ?" ರೇಣಮ್ಮ ಕೇಳಿದಳು.

"ಒಂದ್ ಲೆಕ್ಕಕ್ಕ ಬೇಹಿನದೇ ಅಮ್ಮ," ಎಂದ ಮೈನುದ್ದೀನ. "ಹೈದರಾಬಾದಿನ ನಮ್ಮ ಸಂಶೋಧನಾ ಕೇಂದ್ರದಿಂದ ದೊಡ್ಡ ಬಲೂನಿಗೆ ಕಟ್ಟಿ ಮ್ಯಾಲಕ್ಕ ಬಿಡ್ತೀವಿ, ವಿಮಾನಕ್ಕಿಂತ ಎತ್ತರ ಹೋಗ್ತದ. ಆದ್ರ ಇದು ಕೆಳಗ ನೋಡಾಂಗಿಲ್ಲ. ಇದರ ಕಣ್ಣು ಮ್ಯಾಲಕ್ಕ. ಚುಕ್ಕಿಗೋಳನ್ನ ನೋಡ್ತದ."

"ಚುಕ್ಕಿಗಳದೇನದ ಗುಟ್ಟು?"

ಅವನು ಪೆಟ್ಟಿಗೆಯ ಗಾಜು ಒರೆಸುತ್ತ ಹೇಳಿದ. "ಕೆಲವು ಚುಕ್ಕಿ ಜೋಡಿ ಜೋಡಿ ಇರ್ತಾವ. ಒಂದು ಸತ್ತಿರ್ತದ, ಕಣ್ಣಿಗೆ ಕಾಣಂಗಿಲ್ಲ. ಸತ್ತದ್ದು ಬದುಕಿದ್ದನ್ನ ಮೆಲ್ಲಕ ಜಗ್ಗಿ ಜಗ್ಗಿ ನುಂಗ್ತಿರ್ತದ. ನುಂಗೋ ಹೊತ್ತಿಗಿ ಅಲ್ಲಿಂದ ಒಂಥರಾ ಬೆಳಕು ಬರ್ತದ, ನಮ್ಮ ಕಣ್ಣಿಗಿ ಕಾಣಲಾರದ್ದು. ಅದನ್ನ ಇದು ಹಿಡೀತದ."

"ಅಯ್ಯ ಶಿವನೇ. ಮ್ಯಾಲೂ ಹಿಂಗೇ ನಡದದೇನು!" ಎಂದಳು ರೇಣಮ್ಮ. ಮಲ್ಕಪ್ಪ ತಲೆ ಎತ್ತಿ ನೋಡಿದ, ಹಗಲಲ್ಲಿ ಏನೂ ಕಾಣಲಿಲ್ಲ.

ಇಷ್ಟರಲ್ಲಿ ಭಾಗಣ್ಣ ಬಂದ. ಜೀಪು ನೋಡಿ ದೂರವೇ ನಿಂತ. ರೇಣಮ್ಮ ಅವನನ್ನು ಕರೆದು, ಮುಚ್ಚುಮರೆ ಮಾಡದೆ ಎಲ್ಲವನ್ನೂ ಹೇಳಿದಳು. ಪೆಟ್ಟಿಗೆಗೆ ಕಿವಿಯೇ ಇಲ್ಲ, ಇಬ್ಬರ ಮಾತೂ ಯಾರಿಗೂ ಮುಟ್ಟಿಲ್ಲ ಎಂದಳು. ಭಾಗಣ್ಣನ ಮುಖ ಮೊದಲು ಪೆಚ್ಚಾಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಕಣ್ಣಲ್ಲಿ ನೀರು ಬರುವತನಕ ನಕ್ಕ.

"ಹಣಮಂತ್ರಾಯಗೌಡ್ರಿಗೆ ಹೇಳೂದೇನವ್ವ?"

"ಕೇಳಿದ್ರ ಹೇಳೂಣು," ಎಂದಳು ರೇಣಮ್ಮ. "ತಾವಾಗೇ ಕೇಳಲಿ."

ಹಣಮಂತ್ರಾಯ ಕೇಳಲೇ ಇಲ್ಲ. ಆ ಹಂಗಾಮಿನಲ್ಲಿ ನೀರು ಪಾಳಿಯ ಪ್ರಕಾರ ಕೊನೆಯ ಹೊಲದವರೆಗೂ ಬಂತು. ಶೇಂಗಾ ಗಿಡ ಕಿತ್ತಾಗ ಗೊಂಚಲು ಗೊಂಚಲು ಕಾಯಿ ಇದ್ದವು.

ಜೀಪು ಬಂದ ಆ ದಿನ ಮೈನುದ್ದೀನನನ್ನು ಉಣ್ಣದೆ ಹೋಗಲು ರೇಣಮ್ಮ ಬಿಡಲಿಲ್ಲ. ಜೋಳದ ರೊಟ್ಟಿ, ತಿಮ್ಮವ್ವ ತಂದ ಬದನೆಕಾಯಿ ಎಣ್ಣೆಗಾಯಿ, ಆಡಿನ ಹಾಲಿನ ಚಹಾ. ಅವನು ಬೂಟು ಕಳಚಿ ಕಾಲುವೆಯ ನೀರಿನಲ್ಲಿ ಕಾಲು ಇಳಿಬಿಟ್ಟು ಕುಳಿತು ಉಂಡ. ಪಕ್ಕದಲ್ಲಿ ಭಾಗಣ್ಣ, ಅವನ ಪಕ್ಕ ದೇವಕಮ್ಮ. ಡ್ರೈವರ್ ಹೊತ್ತಾಯಿತೆಂದು ಎರಡು ಸಲ ಹಾರ್ನ್ ಹೊಡೆದ. ಮೂರನೇ ಸಲ ಹೊಡೆಯುವ ಮೊದಲೇ ಮಲ್ಕಪ್ಪ ಅವನ ಕೈಗೂ ಒಂದು ತಾಟು ಕೊಟ್ಟು, ಜೀಪಿನಿಂದ ಕೆಳಗಿಳಿಸಿದ.